ಸೊನ್ನೆಯ ಖಾನೆ

ತಿತಿಮತಿಯ ಆನೆ ಎಚ್ಚರಿಕೆ ಕೇಂದ್ರವೆಂದರೆ
ಒಂದು ಕೋಣೆ, ಒಂದು ಯುಪಿಎಸ್,
ಗೋಡೆಗೆ ಕಾಫಿತೋಟಗಳ ನಕ್ಷೆ, ಮತ್ತು ನಬೀಸಾ.
ಬೆಳಗಿನ ಐದೂಮುಕ್ಕಾಲಿಗೆ ಅವಳು ಪಾಸ್‌ವರ್ಡ್ ಒತ್ತುತ್ತಾಳೆ.
ಡಿಸ್ಕ್ ತೆರೆದರೆ ತಾನೆ
ಪಟ್ಟಿ ಕಟ್ಟಿದ ಆನೆಗಳು ರಾತ್ರಿ ಎಲ್ಲಿ ನಿಂತವೆಂದು ತಿಳಿಯುವುದು,
ತಿಳಿದರೆ ತಾನೆ ಲೈನ್‌ಮನೆಗಳ ಫೋನು ಗುಂಯ್‌ಗುಡುವುದು.
ಬೀಗ ಯಾಕೆ?
ದಂತ ಬೇಕಾದವರಿಗೂ ಇದೇ ನಕ್ಷೆ ಬೇಕು.

'ಮೊದಲು ಹೀಗಿರಲಿಲ್ಲ ಅಕ್ಕ,
ಈಗ ಎಂಟರ್ ಒತ್ತಿ, ಚಾಯ ಕಾಸಿಕೊಂಡೇ ಬರಬಹುದು.'
ಗೋಣಿಕೊಪ್ಪದಿಂದ ಸ್ಕೂಟರಿನಲ್ಲಿ ಬಂದವಳು ನಾನು,
ಬೆನ್ನಿಗೆ ಸ್ಕ್ರೂಡ್ರೈವರುಗಳ ಚೀಲ.
ಫೋನಿನ ಗಡಿಯಾರ ಹಿಡಿದು ಕೂತೆ.
ನಲವತ್ತೇಳು ಸೆಕೆಂಡು.
ಇನ್ನೊಮ್ಮೆ. ನಲವತ್ತೇಳು.

ಡಿಸ್ಕಿಗೆ ಕಿವಿಯಿಟ್ಟೆ, ನರಳುತ್ತಿಲ್ಲ.
ಕೇಬಲ್ ಬದಲಿಸಿದೆ, ಫ್ಯಾನಿನಿಂದ ಹಲ್ಲಿಮೊಟ್ಟೆ ತೆಗೆದೆ,
ನಲವತ್ತೇಳು.
ತೆರೆದ ಮೇಲೆ ಎಲ್ಲ ಚುರುಕು, ಕಡತಗಳು ಮೀನಿನ ಹಾಗೆ.
ಅಂದರೆ ಕಾಯಿಲೆ ಮನೆಗಲ್ಲ,
ಬಾಗಿಲಿಗೆ.

ನಬೀಸಾ, ಈ ಬೀಗಕ್ಕೆ ನಿನ್ನ ಪಾಸ್‌ವರ್ಡ್ ಗೊತ್ತೇ ಇಲ್ಲ.
ಕೊಟ್ಟದ್ದನ್ನು ಬೀಸುತ್ತದೆ, ಬೀಸಿದ್ದನ್ನೇ ಮತ್ತೆ ಬೀಸುತ್ತದೆ,
ಹಿಟ್ಟು ಸರಿಬಂದರೆ ಬಾಗಿಲು.
ಎಷ್ಟು ಸುತ್ತು ಅಂತೀಯ?
ಏಪ್ರಿಲ್ಲಿನ ಸಿಡಿಲಿಗೆ ಸುಟ್ಟಿತಲ್ಲ ಆ ಹೊಸ ಯಂತ್ರ,
ಬೀಗ ಮಾಡಿದ ದಿನ ಅದು ತನ್ನ ತೋಳು ತಾನೇ ಮುಟ್ಟಿನೋಡಿ
ಬರೆದಿಟ್ಟಿತ್ತು: ಎರಡು ಸೆಕೆಂಡಿಗೆ ಇಷ್ಟು ಲಕ್ಷ ಸುತ್ತು
ನನಗೆ ಲೆಕ್ಕಕ್ಕಿಲ್ಲ, ಇಷ್ಟೇ ಇರಲಿ.
ಅದು ಸತ್ತಿತು, ಡಿಸ್ಕ್ ಉಳಿಯಿತು,
ಅದರ ಹರೆಯದ ಲೆಕ್ಕವನ್ನು ಈಗ
ಕಪಾಟಿನಿಂದ ಇಳಿಸಿದ ಈ ಮುದುಕಿ ತೀರಿಸಬೇಕು,
ಒಂದು ಸುತ್ತೂ ಬಿಡದೆ.

ಆದರೂ ಲೆಕ್ಕ ಹೊಂದಲಿಲ್ಲ. ಒಂದು ಬೀಸಿಗೆ ಇಪ್ಪತ್ತಮೂರು,
ಹೆಚ್ಚೆಂದರೆ ಇಪ್ಪತ್ತನಾಲ್ಕು.
ಉಳಿದರ್ಧ ಯಾರದು?
ಬೀಗದ ತಲೆಬರಹ ಬಿಚ್ಚಿ ನೋಡಿದೆ.
ಖಾನೆ ಒಂದು: ನಬೀಸಾ.
ಖಾನೆ ಸೊನ್ನೆ:
ಹೆಸರಿಲ್ಲ, ತುಂಬಿದೆ.
ದಿನಾ ಬೆಳಿಗ್ಗೆ ನೀನು ಒತ್ತಿದ್ದನ್ನು ಮೊದಲು ಆ ಕಲ್ಲಿಗೆ ಸುರಿದು
ಇವನಲ್ಲ ಎಂದು ತಿಳಿಯುವವರೆಗೂ ಬೀಸಿ,
ಆಮೇಲೆ ನಿನ್ನದು.

'ಕುಶಾಲಪ್ಪಣ್ಣ ಇರಬೇಕು,' ಅಂದಳು ಮೆಲ್ಲಗೆ.
'ಈ ಕೆಲಸ ಶುರುಮಾಡಿದ್ದೇ ಅವರು. ಬಾಳೆಲೆಯಲ್ಲಿದ್ದಾರೆ.'

ಫೋನು ಎತ್ತಿದವರು ಮೊದಲು ಕೇಳಿದ್ದು ಆನೆಗಳನ್ನು.
ಆಮೇಲೆ ನಕ್ಕರು.
ಪಾಸ್‌ವರ್ಡಾ? ಅದು ನನಗೇ ಮರೆತುಹೋಗಿದೆಯಮ್ಮ.
ನನ್ನ ಜಾಗ ಇನ್ನೂ ಇಟ್ಟಿದೆಯಾ ಅದು?
ಪಾಪ.
ತೆಗೆದುಬಿಡಿ.

ತಲೆಬರಹದ ಪ್ರತಿ ಪೆನ್‌ಡ್ರೈವಿಗೆ ಇಳಿಸಿದೆ ಮೊದಲು,
ಕೈತಪ್ಪಿದರೆ ಆನೆಗಳೆಲ್ಲ ಒಳಗೇ ಉಳಿಯುತ್ತವೆ.
ನಬೀಸಾಳ ಕೀಲಿಯನ್ನು ಈ ಮುದುಕಿಯ ತೋಳಿಗೆ ತಕ್ಕಂತೆ
ಹೊಸದಾಗಿ ಬೀಸಲು ಕೊಟ್ಟೆ.
ಸುತ್ತು ಕಡಿಮೆಯಾದರೆ ಕಳ್ಳನಿಗೂ ಸುಲಭ ತಾನೆ ಎಂದಳು,
ಹೌದು, ಅದಕ್ಕೇ ಉದ್ದದ ಪಾಸ್‌ವರ್ಡ್ ಇಡು ಎಂದೆ.
ಸೊನ್ನೆಯ ಖಾನೆ ಅಳಿಸುವ ಮುನ್ನ ಯಂತ್ರ ಕೇಳಿತು:
ಖಚಿತವೇ?
ದೊಡ್ಡಕ್ಷರದಲ್ಲಿ ಹೌದು ಎಂದು ಬರೆಯಬೇಕು,
ಸಣ್ಣಕ್ಷರ ಒಪ್ಪುವುದಿಲ್ಲ.

ಮೂರು ಸೆಕೆಂಡು.
ನಬೀಸಾ ಚಾಯದ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತಳು,
ನೀರು ಇನ್ನೂ ತಣ್ಣಗಿತ್ತು.
ನಕ್ಷೆಯ ಮೇಲೆ ಐದು ಚುಕ್ಕಿ,
ಚೆನ್ನಯ್ಯನಕೋಟೆಯ ಕೆರೆಯ ಅಂಚಿನಲ್ಲಿ
ಯಾವ ಅವಸರವೂ ಇಲ್ಲದೆ.

ರಾತ್ರಿ ಒಂಬತ್ತೂವರೆಗೆ ಅವರದೇ ಕರೆ.
ನೆನಪಾಯಿತಮ್ಮ! ಊಟದ ತಟ್ಟೆ ಮುಂದೆ ಕೂತಾಗ!
ಈಗ ಯಾರಿಗೆ ಹೇಳಿದರೂ ನಡೆಯುತ್ತದೆ ಎಂದೆ,
ಅದು ತೆರೆಯುವ ಬೀಗ ಎಲ್ಲೂ ಇಲ್ಲ.
ಪೆನ್‌ಡ್ರೈವಿನ ಪ್ರತಿಯನ್ನೂ ಅಲ್ಲೇ ಅಳಿಸಿ ಬಂದಿದ್ದೆ.
ಒಂದೊಂದೇ ಪದ ಬಿಡಿಸಿ ಹೇಳಿದರು,
ನಾನು ಬಿಲ್ಲಿನ ಹಿಂದೆ ಯಾಕೋ ಬರೆದುಕೊಂಡೆ:

ಎಡಗಿವಿ ಹರಿದವಳು ನಮ್ಮ ಬಾಳೆಗೊನೆ ತಿಂದಳು ಬೈಯಲಿಲ್ಲ