ರಫು

ಚೌಕಿಪೇಟೆಯ ಜವಳಿ ಅಂಗಡಿಯೊಂದರ ಮೆಟ್ಟಿಲ ಕೆಳಗೆ
ಒಂದೂವರೆ ಚಾಪೆಯಗಲ ನನ್ನ ಜಾಗ.
ಇಲಿ ಕಚ್ಚಿದ ಶಾಲು, ಬೀಡಿ ಕಿಡಿ ಬಿದ್ದ ಇಳಕಲ್ ಸೀರೆ,
ಮೊಳೆಗೆ ಸಿಕ್ಕ ವಕೀಲರ ಕರಿಕೋಟು.
ಅಂಚಿನಿಂದಲೇ ಒಂದೆಳೆ ಬಿಡಿಸಿ
ಮೇಲೊಂದು ಕೆಳಗೊಂದು, ಮೇಲೊಂದು ಕೆಳಗೊಂದು.
ಹರಿದಿದ್ದೆ ಅಂತ ಬಟ್ಟೆಗೇ ಮರೆತುಹೋಗಬೇಕು ಸೋನೀ,
ಅನ್ನುತ್ತಿದ್ದರು ಕಸುಬು ಕಲಿಸಿದ ಮಾವ, ವಿಠೋಬರಾವ್ ಹಂಚಾಟೆ.

ಕಾರ್ತೀಕದ ಒಂದು ಮಧ್ಯಾಹ್ನ
ಯಾರದೋ ಬಿಳಿ ಪಂಚೆಯ ಮೇಲೆ ಒಂದು ಕಪ್ಪು ಎಳೆ.
ಚಿವುಟಿ ತೆಗೆಯಹೋದೆ. ಬೆರಳಿಗೆ ಸಿಗಲಿಲ್ಲ.
ಕಣ್ಣು ಹೊರಳಿದ ಕಡೆಗೇ ಅದೂ ತೇಲಿತು
ಟೀಯಲ್ಲಿ ಬಿದ್ದ ಕೂದಲಿನ ಹಾಗೆ.

ಕಣ್ಣಾಸ್ಪತ್ರೆಯಲ್ಲಿ ಔಷಧಿ ಬಿಟ್ಟು ಒಂದು ಗಂಟೆ ಕೂರಿಸಿದರು.
ಪಕ್ಕದಲ್ಲಿ ಮಂಡಕ್ಕಿ ಭಟ್ಟಿಯ ಕಮರುನ್ನಿಸಾ. ಅವಳಿಗೂ ಸಕ್ಕರೆ.
ಮಂಜಾದದ್ದು ಹೊಗೆಯಿಂದ ಅಂದುಕೊಂಡು
ಎರಡು ವರ್ಷ ಸುಮ್ಮನಿದ್ದಳಂತೆ.

ಜಗಳೂರು ಕಡೆಯ ಹುಡುಗಿ ಡಾಕ್ಟರು
ನನ್ನ ಕಣ್ಣಿನ ಹಿಂಬದಿಯ ಫೋಟೋ ತೋರಿಸಿದರು.
ಕೇಸರಿ ಬಟ್ಟೆ, ಮೇಲೆ ಕೆಂಪು ಬಳ್ಳಿ,
ಅಲ್ಲಲ್ಲಿ ಬೆಣ್ಣೆ ಸಿಡಿದಂತೆ ಹಳದಿ ಕಲೆ.
ಇಲಿಯೋ, ಕಿಡಿಯೋ, ಮೊಳೆಯೋ?
ನಮ್ಮ ಕಸುಬಿನಲ್ಲಿ ಮೊದಲು ಕೇಳುವ ಮಾತೇ ಅದು.

ಸಕ್ಕರೆ, ಅಂದರು. ಆಮೇಲೆ ತಡೆದು, ಕಾವಲಿನವರೂ.
ಈ ಪರದೆಯೊಳಗೆ ಪುಟ್ಟ ಜೀವಕೋಶಗಳಿದ್ದಾವೆ ಅಮ್ಮಾ,
ಜೇಡನ ಕಾಲಿನಂಥ ಕೈ ಚಾಚಿ
ಹಗಲೂ ರಾತ್ರಿ ತಡವುತ್ತಿರುತ್ತವೆ,
ಎಲ್ಲಿ ಸವೆಯಿತು, ಎಲ್ಲಿ ಕಸ ಬಿತ್ತು.
ನನಗೆ ತಟ್ಟನೆ ಗುರುತು ಹತ್ತಿತು: ರಫುಗಾರರು.

ಸಿಹಿ ರಕ್ತ ವರ್ಷಗಟ್ಟಲೆ ಹರಿದರೆ
ಅವರಿಗೆ ಗಾಬರಿ. ಚಾಚಿದ ಕೈ ಒಳಗೆಳೆದು ಗುಂಡಗಾಗಿ
ಬೆಂಕಿ ಬೆಂಕಿ ಅಂತ ಕೂಗುತ್ತಾರೆ.
ಕೂಗಿಗೆ ಓಡಿಬಂದ ಬಿಳಿರಕ್ತದ ಪಡೆ
ಕೂದಲಿಗಿಂತ ಸಣ್ಣ ನಾಳದ ಗೋಡೆಗೆ ಅಂಟಿಕೊಂಡು
ಅಶೋಕ ಟಾಕೀಸಿನ ರೈಲ್ವೆ ಗೇಟು.
ಆಚೆ ಓಣಿಗೆ ಉಸಿರಿಲ್ಲ. ಈಚೆ ಗೋಡೆ ಸೋರುತ್ತದೆ.
ಸೋರಿದ್ದು ನೋಡಿ ಇನ್ನಷ್ಟು ಕೂಗು.
ಉಸಿರು ಕಟ್ಟಿದಲ್ಲಿ ಹೊಸ ನಾಳ ಬೆಳೆಯುತ್ತದೆ,
ಅವಸರದ ಕಚ್ಚಾ ಹೊಲಿಗೆ,
ಕಿತ್ತುಬಂದರೆ ಕಣ್ಣೊಳಗೇ ರಕ್ತ.
ನಿಮ್ಮ ಕಪ್ಪು ದಾರ ಅದೇ.

ಕಾಯೋರೇ ಹಿಂಗ್ ಮಾಡಿದ್ರೆ ಯಾರಿಗ್ ಹೇಳಣ,
ಅಂದಳು ಕಮರುನ್ನಿಸಾ.
ಡಾಕ್ಟರು ಚೀಟಿ ಬರೆಯುತ್ತಿದ್ದರು.

ನನಗೆ ಸಿಟ್ಟು ಬರಲಿಲ್ಲ.
ಇವರು ತೀರಿಕೊಂಡ ವರ್ಷ
ಇವರ ಮಿಲ್ಲಿನ ಖಾಕಿ ಅಂಗಿಯೊಂದು ಮನೆಯಲ್ಲಿತ್ತು.
ಮೊಣಕೈಯಲ್ಲಿ ಕಡಲೆಯಷ್ಟು ತೂತು.
ಮುಚ್ಚಿದೆ. ಪಕ್ಕದಲ್ಲಿ ತೆಳುವಾದಂತಿತ್ತು, ಅಲ್ಲೂ ಹಾಕಿದೆ.
ಆಮೇಲೆ ಕಾಲರು, ಜೇಬು, ಬೆನ್ನು,
ಹರಿಯದ ಕಡೆಯೆಲ್ಲ, ರಾತ್ರಿಯೆಲ್ಲ.
ಶ್ರಾವಣದ ಹೊತ್ತಿಗೆ ಅದು ಮಡಚಲು ಬಾರದ ಹಲಗೆ.
ನಿಲ್ಲಿಸು ಅಂತ ಮಾವ ಹೇಳಲಿಲ್ಲ.
ಒಂದು ಸಂಜೆ ಸುಮ್ಮನೆ ಸೂಜಿಡಬ್ಬಿ ಎತ್ತಿಟ್ಟರು.

ಮಂಗಳವಾರ ಎಡಗಣ್ಣಿಗೆ ಇಂಜೆಕ್ಷನ್ನು.
ಸೂಜಿಯೇ, ನನ್ನ ಹತ್ತನೇ ನಂಬರಿಗಿಂತ ಸಣ್ಣದು.
ಕಣ್ಣು ಬಿಟ್ಟುಕೊಂಡೇ ಒಳಗಿನವರಿಗೆ ಹೇಳಿದೆ:
ಏನೂ ಹೊತ್ತಿಲ್ಲ ಕಣ್ರಪ್ಪಾ, ಕೂತ್ಕಳ್ರಿ.
ಕೈ ಚಾಚಿಕೊಳ್ರಿ ಮೊದಲಿನ ಹಂಗೆ.
ಟೀ ಕುಡೀರಿ. ಸಪ್ಪೆ ಟೀ,
ಇನ್ನು ಮೇಲೆ ನನಗೂ ಅದೇ.

ಅಂಗಡಿ ಹುಡುಗ ಬಸವಂತ
ಬೆಳಿಗ್ಗೆ ಬಾಗಿಲು ತೆಗೆದ ಮೇಲೆ ಹನ್ನೆರಡು ಸೂಜಿಗೆ
ದಾರ ಪೋಣಿಸಿ ಕೊಡುತ್ತಾನೆ. ದಿನಕ್ಕೆ ಸಾಕು.
ವಕೀಲರ ಕೋಟು ಇನ್ನೂ ತೊಡೆಯ ಮೇಲಿದೆ.
ಕರಿ ಮೇಲೆ ಕರಿ. ಬಟ್ಟೆಯ ಎಳೆ ಯಾವುದು, ಕಣ್ಣಿನದು ಯಾವುದು,
ಒಂದೊಂದನ್ನೂ ಬೆರಳಿಂದ ಮುಟ್ಟಿ ನೋಡುತ್ತೇನೆ.
ಸೋಮವಾರ ಬನ್ನಿ ಅಂದಿದ್ದೇನೆ.