ಎರಡೂವರೆ ಮೈಕ್ರೋಸೆಕೆಂಡು

ಜೆಜ್ಕಾಜ್ಗಾನ್ ಅಂದರೆ ತಾಮ್ರ ಅಗೆದ ಜಾಗ.
ನಾನು ಅಗೆಯುವವನಲ್ಲ, ಏರಿಸಿ ಇಳಿಸುವವನು:
ನಲವತ್ತೊಂದು ಲಿಫ್ಟು ನನ್ನ ಸುಪರ್ದಿಗೆ,
ಇವತ್ತಿಗೆ ಓಡುತ್ತಿರುವುದು ಇಪ್ಪತ್ತಾರು.
ಉಳಿದವಕ್ಕೆ ಬಿಡಿಭಾಗ
ಚುನಾವಣೆ ಮುಗಿದ ಮೇಲೆ ಬರುತ್ತದಂತೆ.
ಯಾವ ಚುನಾವಣೆ, ಕಾಗದದಲ್ಲಿ ಬರೆದಿಲ್ಲ.

ಬಾವಿಯೊಳಗೆ (ನೀರಿನದಲ್ಲ, ಲಿಫ್ಟಿನದು)
ತಲೆಗೆ ದೀಪ ಕಟ್ಟಿಕೊಂಡು ಕೂತಾಗ
ಯೋಚನೆ ಎಲ್ಲೆಲ್ಲಿಗೋ ಹೋಗುತ್ತದೆ.
ಆ ಹಗ್ಗವನ್ನೇ ತಗೊಳ್ಳಿ.
ಮೂವತ್ತಾರು ಸಾವಿರ ಕಿಲೋಮೀಟರಿನಾಚೆಗೂ ಎಳೆದು ಕಟ್ಟಿ
ಬಾಹ್ಯಾಕಾಶಕ್ಕೇ ಲಿಫ್ಟು ಬಿಡುತ್ತಾರಂತೆ ಮುಂದೊಂದು ದಿನ.
ಬಿಡಲಿ, ಸಂತೋಷ.
ಗ್ರೀಸು ಹಚ್ಚುವವರು ಯಾರು?
ನಡುದಾರಿಯಲ್ಲಿ, ಕೆಳಗೂ ಇಲ್ಲ ಮೇಲೂ ಇಲ್ಲ ಎಂಬಲ್ಲಿ,
ಯಾವನೋ ಪೋಕರಿ ಹುಡುಗ
ಗುಂಡಿಯನ್ನು ಲೈಟರಿನಿಂದ ಸುಟ್ಟರೆ?

ನನ್ನ ಭಾವ ಓರ್ಮಾನ್‌ಬೆಕ್ ಇರುವುದು ಹುಲ್ಲುಗಾವಲಿನಲ್ಲಿ,
ರಾಕೆಟ್ಟು ತನಗೆ ಬೇಡವಾದದ್ದನ್ನು ಕಳಚಿ ಎಸೆಯುವ ಕಡೆ.
ಆಕಾಶದಿಂದ ಬಿದ್ದ ತಗಡಿನಲ್ಲಿ
ಕುರಿಗಳಿಗೆ ನೀರಿನ ತೊಟ್ಟಿ ಮಾಡಿಕೊಂಡಿದ್ದಾನೆ.
ಒಮ್ಮೆ ಬೇಲಿ ಮುರಿದಾಗ ಪರಿಹಾರಕ್ಕೆ ಅರ್ಜಿ ಹಾಕಿದ.
ಹಾನಿಯ ಕಾರಣ ಎಂಬ ಕಾಲಮ್ಮಿನಲ್ಲಿ
ನಾನೇ ಬರೆದುಕೊಟ್ಟೆ: ಪ್ರಗತಿ.
ವಾಪಸು ಬಂತು, ಕೆಂಪು ಶಾಯಿ:
‘ಸ್ಪಷ್ಟವಾಗಿ ಬರೆಯಿರಿ.’

ಅಲ್ಲೇ ಒಂದು ಬೆಳಗ್ಗೆ, ಲಾರಿಯ ಟಾಪಿನ ಮೇಲೆ ನಿಂತು,
ಮೇಲಿನಿಂದ ಮೂವರು ಇಳಿದದ್ದನ್ನು ನೋಡಿದೆ.
ಪ್ಯಾರಾಚೂಟು, ದೂಳು, ಆಮೇಲೆ ಬಹಳ ಹೊತ್ತು ಏನೂ ಇಲ್ಲ.
ಸುಟ್ಟ ಬಾಣಲೆಯಂಥದರೊಳಗಿಂದ
ಒಬ್ಬೊಬ್ಬರನ್ನೇ ಎತ್ತಿ ಕುರ್ಚಿಯಲ್ಲಿ ಕೂರಿಸಿದರು.
ಆರು ತಿಂಗಳಿಗೇ ಕಾಲಿಗೆ ನೆಲ ಮರೆತಿರುತ್ತದೆ.
ಮೂವತ್ತು ವರ್ಷ ಮೇಲೇ ಇದ್ದವರ ಕಾಲು—
ಬೇಡ. ಲಿಫ್ಟಿಗೂ ಕಿವಿಯಿದೆ.
ಆದರೂ ಇಷ್ಟು ಹೇಳಬಹುದು:
ಆ ಮೂವರು ಮರುದಿನದಿಂದಲೇ
ಕುರ್ಚಿ ಬಿಟ್ಟು ಏಳುವುದನ್ನು ಅಭ್ಯಾಸ ಮಾಡುತ್ತಾರಂತೆ.

ಆಮೇಲೆ ಒಂದು ಮಾರ್ಚಿನಲ್ಲಿ ರಾಜಧಾನಿಯಿಂದ ಆಜ್ಞೆ:
ದೇಶಕ್ಕೆಲ್ಲ ಇನ್ನು ಒಂದೇ ಹೊತ್ತು,
ಮುಳ್ಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿ.
ತಿರುಗಿಸಿದೆವು. ಡಿಸೆಂಬರಿನಲ್ಲಿ
ನಾಲ್ಕೂವರೆ ದಾಟುತ್ತಲೇ ಕತ್ತಲು.
ಒಂಬತ್ತನೇ ಮಹಡಿಯ ಉಲ್ಬೋಸಿನ್ ಅಜ್ಜಿ ಮಾತ್ರ ತಿರುಗಿಸಲಿಲ್ಲ.
ಐದನೆಯದೂ ಹೆಣ್ಣಾಯಿತಲ್ಲ ಎಂದು
ಅವಳಿಗೆ ‘ಗಂಡಾಗಲಿ’ ಎಂದೇ ಹೆಸರಿಟ್ಟಿದ್ದರು;
ಇಪ್ಪತ್ತೆಂಟು ವರ್ಷ ಗಣಿಯ ಪಂಜರವನ್ನು
ಗಂಡಸರು ತುಂಬಿದ ಪಂಜರವನ್ನು
ಪಾತಾಳಕ್ಕಿಳಿಸಿ ಮೇಲೆತ್ತಿದವಳು.
ಒಬ್ಬನನ್ನೂ ಬೀಳಿಸಿಲ್ಲ.
‘ಒಂದು ಗಂಟೆ ಅಂದರೆ ನಾಲ್ಕು ಪಂಜರ,
ನಾನ್ಯಾಕೆ ಬಿಟ್ಟುಕೊಡಲಿ?’

ಅವಳ ಲಿಫ್ಟು ಆ ಹದಿನೈದರಲ್ಲಿ ಒಂದು.
ಹಾಗಾಗಿ ಬ್ರೆಡ್ಡು, ಹಾಲು, ಮಾತ್ರೆ
ಹೊತ್ತುಕೊಂಡು ಹತ್ತುತ್ತೇನೆ, ತಪ್ಪು ನನ್ನದೇ ಎಂಬಂತೆ.
ನಿನ್ನೆ ಚಹಾ ಕುಡಿಯುತ್ತ ಹೇಳಿದೆ:
ಅಜ್ಜಿ, ನೆಲದಿಂದ ಮೇಲೆ ಹೋದಷ್ಟೂ
ಕಾಲ ಚೂರು ಬೇಗ ಓಡುತ್ತದೆ.
ಇಲ್ಲಿ ಮೂವತ್ತು ವರ್ಷ ಇದ್ದೀರಲ್ಲ,
ಕೆಳಗಿನವರಿಗಿಂತ ಎರಡೂವರೆ ಮೈಕ್ರೋಸೆಕೆಂಡು ಮುಂದಿದ್ದೀರಿ.
ಲೆಕ್ಕ ಹಾಕಿದ್ದೇನೆ, ಎರಡು ಸಲ.
‘ಮುಂದೆ ಅಂದರೆ, ಅಷ್ಟು ಜಾಸ್ತಿ ಮುದುಕಿಯಾದೆ?’
ಹೌದು.
‘ನೀನು ಲಿಫ್ಟು ರಿಪೇರಿ ಮಾಡದ್ದಕ್ಕೆ?’
ಅಲ್ಲ, ಅದು ಗುರುತ್ವ—
‘ಗುರುತ್ವಕ್ಕೊಂದು ಅರ್ಜಿ ಬರಿ. ಸ್ಪಷ್ಟವಾಗಿ ಬರಿ.’

ಮೆಟ್ಟಿಲಿಳಿದೆ.
ಐದನೇ ಮಹಡಿಯ ಒಡೆದ ಕಿಟಕಿಯಲ್ಲಿ
ಒಂದು ಬೆಳಕು ಸದ್ದಿಲ್ಲದೆ ಹಾದುಹೋಯಿತು,
ಅಲ್ಲಿ ಈಗ ಯಾರಾದರೂ ಇದ್ದಾರು, ಹಲ್ಲುಜ್ಜುತ್ತಿದ್ದಾರು.
ಮಹಡಿ ಮಹಡಿಗೂ ಒಂದಿಷ್ಟು ಚಿಕ್ಕವನಾಗುತ್ತ—
ಅಲ್ಲ, ತಪ್ಪು, ಹಾಗಲ್ಲ ಅದು:
ಒಂದಿಷ್ಟು ನಿಧಾನವಾಗಿ ಮುದುಕನಾಗುತ್ತ ಇಳಿದೆ,
ಕೈಯಲ್ಲಿ ಅಜ್ಜಿಯ ಕಸದ ಬಕೆಟ್ಟು,
ಅದರಲ್ಲಿ ಆಲೂಗಡ್ಡೆ ಸಿಪ್ಪೆ, ಚಹಾ ಚರಟ,
ಮೂರು ಪಕ್ಷದ ಕರಪತ್ರ,
ಮೂರರಲ್ಲೂ ಅದೇ ರಾಕೆಟ್ಟು.