ಕಡೀಕ ಬರುವ ಮಾತು

ಜುವಾರಿನಗರದಲ್ಲಿ ಭಾನುವಾರ. ಎರಡನೇ ಮಹಡಿಯ ಹಾಲು,
ಕೆಳಗೆ ಟ್ಯಾಂಕರುಗಳ ಸಾಲು.
ಪಣಜಿಯಿಂದ ಬಂದ ವಕೀಲೆ ಈವೆಟ್ ಕುಲಾಸೊ
ಒಂದೊಂದೇ ವಾಕ್ಯ ಓದುತ್ತಾಳೆ,
ನಾನು ಕನ್ನಡ ಮಾಡುತ್ತೇನೆ, ಗಂಟೆಗೆ ಇನ್ನೂರು.

ಜನಾಂಗ, ಬಣ್ಣ, ಲಿಂಗ, ಭಾಷೆ, ಧರ್ಮ, ಹುಟ್ಟು…
ಟ್ಯಾಂಕರಿನ ನೀರಿಗೆ ಪಾಳಿ ಹಚ್ಚಿದ ಕೊಡಗಳ ಹಾಗೆ
ಒಂದರ ಹಿಂದೊಂದು ಶಬ್ದ.
ಅವಳ ಭಾಷೆಯಲ್ಲಿ ಹಕ್ಕು ಮೊದಲೇ ಬಂದು ಕೂತಿರುತ್ತದೆ,
ನಮ್ಮದರಲ್ಲಿ ಕ್ರಿಯಾಪದ ಕಟ್ಟಕಡೆಗೆ.
ಅಲ್ಲಿತನಕ ಕಾಯಬೇಕು,
ಕೊಡ ಹಿಡಕೊಂಡು.

‘ಅದರಾಗ ಘಾಟಿ ಅನ್ನೂದು ಐತೇನ್ರಿ?’
ಕುಷ್ಟಗಿ ಕಡೆಯ ಹುಲಿಗೆವ್ವ ಕೇಳಿದಳು.
ಘಟ್ಟ ಇಳಿದು ಬಂದವರು, ಅಷ್ಟೇ ಅರ್ಥ ಅದಕ್ಕೆ.
ಮೀನು ಮಾರುಕಟ್ಟೆಯಲ್ಲಿ ಅದನ್ನು ಉಗಿಯುವಾಗ
ಘಟ್ಟವೂ ಇರುವುದಿಲ್ಲ, ಇಳಿದದ್ದೂ ಇರುವುದಿಲ್ಲ.

ವಕೀಲೆ ಹಾಳೆಯ ಮೇಲೆ ಬೆರಳಾಡಿಸಿ
ಸಾಲಿನ ತುದಿಗೆ ನಿಲ್ಲಿಸಿದಳು.
ನಾನು ಓದಿದೆ: ‘ಇನ್ನಾವುದೇ ಸ್ಥಾನಮಾನ.’
ಹಾಲು ತುಂಬ ನಗು.
‘ಸ್ಥಾನಾನೂ ಇಲ್ಲ, ಮಾನಾನೂ ಇಲ್ಲ,
ಅದಕ್ಕ ಅಲ್ರೀ ಇಲ್ಲಿ ಬಂದದ್ದು!’
ಹೊಡೆದು ಹಾಕಿ ಬರೆದೆ: ಇತ್ಯಾದಿ.

ಆಮೇಲೆ ನೋಡಬೇಕು, ಎಲ್ಲರೂ ಆ ಇತ್ಯಾದಿಯೊಳಗೆ
ಸುರಿದರು. ಅಡ್ಡಹೆಸರು ಕೇಳಿ
ಖೋಲಿ ಇಲ್ಲವೆಂದ ಮಾಲಕ. ಸೆಂಟ್ರಿಂಗ್ ಹಲಗೆ ಹೊತ್ತರೂ
ಗಂಡಾಳಿಗಿಂತ ನೂರೈವತ್ತು ಕಡಿಮೆ.
ಒಬ್ಬಳು ಏನೂ ಹೇಳಲಿಲ್ಲ, ಕೈ ಎತ್ತಿ
ಹಾಗೇ ಹಿಡಿದುಕೊಂಡಿದ್ದಳು.

ಚಹಾ ಬಂತು. ಇಪ್ಪತ್ತಮೂರು ಲೋಟ,
ಒಂದು ಉಳಿಯಿತು.
‘ಅದು ನೀಲಗಂಗಿದು,’ ಅಂದರು, ‘ಕೆಳಗದಾಳ.’

ಮೂವತ್ತನಾಲ್ಕು ಮೆಟ್ಟಿಲು. ಇಳಿಯುವಾಗ ಎಣಿಸಿದೆ,
ಏರುವಾಗ ಎಣಿಸಿರಲಿಲ್ಲ.
ಬುಡದಲ್ಲಿ ಊರುಗೋಲು ಗೋಡೆಗೆ ಆನಿಸಿ
ನಮ್ಮೆಲ್ಲರ ಚಪ್ಪಲಿ ಕಾಯುತ್ತ ಕೂತಿದ್ದಳು.
‘ಪಾವಟಿಗಿ ಎಲ್ಲಾರಿಗೂ ಒಂದ ಅಳತಿ ಅದಾವಲ್ರಿ,’ ಅಂದಳು,
ಸಿಟ್ಟಿಲ್ಲದೆ, ಬೆಲೆ ಹೇಳಿದ ಹಾಗೆ.
ಎರಡು ತಾಸು ಅವಳ ನೆತ್ತಿಯ ಮೇಲೆ
ಸಮಾನತೆಯನ್ನು ಕನ್ನಡ ಮಾಡಿದ್ದೆ.

‘ಏನೇನಂದ್ರಿ ಮ್ಯಾಲ?’
ಶುರು ಮಾಡಿದೆ, ಜನಾಂಗ, ಬಣ್ಣ, ಲಿಂಗ…
ಟ್ಯಾಂಕರಿನ ಹಾರ್ನಿಗೆ ದನಿ ಮುಳುಗಿತು.
ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತ ಅಂದಳು,
‘ಪಟ್ಟಿ ಇರಲಿ. ಕಡೀದ್ದು ಮೊದಲ ಹೇಳ್ರಿ.’

ವ್ಯಾಕರಣ ಒಪ್ಪುವುದಿಲ್ಲ.
ಚಪ್ಪಲಿ ಸರಿಸಿ ಪಕ್ಕ ಕೂತೆ.
ಕಡೆಯಿಂದ ಹೇಳತೊಡಗಿದೆ,
ತಡವರಿಸುತ್ತ.